ಹೆಬ್ರಿ ಕಡೆಯ ಒಂದು ಕಾವಲು ಮಾಳಕ್ಕೆ ಸೋಲಾರ್: ಮಳೆಗಾಲದ ಲೆಕ್ಕ

ಉಡುಪಿ ಜಿಲ್ಲೆಯ ಹೆಬ್ರಿ ಕಡೆ, ಘಟ್ಟದ ಬುಡದಲ್ಲಿ ನನ್ನ ಸೋದರಮಾವನ ಗದ್ದೆ ಇದೆ. ಮನೆಯಿಂದ ಅಲ್ಲಿಗೆ ನಡೆದೇ ಹೋಗಬೇಕು. ನಡುವೆ ಒಂದು ತೋಡು, ದಾಟುವುದಕ್ಕೆ ಅಡಿಕೆ ಮರದ ಸಂಕ. ಗದ್ದೆ ಮುಗಿದಲ್ಲಿಂದಲೇ ಕಾಡು. ಏಣಿಲಿಗೆ, ಅಂದರೆ ಮಳೆಗಾಲದ ಬೆಳೆಗೆ, ಮಾವ ಹಾಕುವುದು ಎಂಒ-4, ಕೆಂಪು ಕುಚ್ಚಲಕ್ಕಿಯ ಭತ್ತ. ಜೂನ್‌ನಲ್ಲಿ ಶುರು ಮಾಡಿದರೆ ಅಕ್ಟೋಬರ್ ಹೊತ್ತಿಗೆ ಕೊಯ್ಲು. ತೆನೆ ಹಾಲುಗಟ್ಟುವ ಹೊತ್ತಿಗೆ ಸರಿಯಾಗಿ ಕಾಡುಹಂದಿ ಇಳಿಯುತ್ತದೆ. ಅದು ತಿನ್ನುವುದು ಸ್ವಲ್ಪ, ಹೊರಳಾಡಿ ಮಲಗಿಸಿ ಹಾಳು ಮಾಡುವುದು ಜಾಸ್ತಿ. ಒಂದು ರಾತ್ರಿ ಕಾವಲು ತಪ್ಪಿದರೂ ಮೂಲೆಗದ್ದೆ ಹೋಯಿತು ಅಂತಲೇ ಲೆಕ್ಕ.

ಹಾಗಾಗಿ ಅಲ್ಲಿ ಒಂದು ಮಾಳ ಇದೆ. ನಾಲ್ಕು ಕಂಬ, ಆಳೆತ್ತರದಲ್ಲಿ ಹಲಗೆ, ಮೇಲೆ ತಗಡು, ಮೂರು ಕಡೆ ಟಾರ್ಪಾಲು. ಆಗಸ್ಟ್ ಕೊನೆಯಿಂದ ಕೊಯ್ಲಿನವರೆಗೆ ರಾತ್ರಿ ಯಾರಾದರೂ ಒಬ್ಬರು ಅಲ್ಲಿ ಮಲಗಬೇಕು. ಮೆಸ್ಕಾಂನ ಕರೆಂಟ್ ಕಂಬ ಇರುವುದು ಮನೆ ಹತ್ತಿರ ಮಾತ್ರ. ಹಿಂದೆಲ್ಲಾ ಸೂಡಿ, ಅಂದರೆ ಪಂಜು, ಹಿಡಿದು ಹೋಗುತ್ತಿದ್ದರು, ಆಮೇಲೆ ಮೂರು ಸೆಲ್ಲಿನ ಟಾರ್ಚ್ ಬಂತು. ಈಗ ಮಾವನಿಗೆ ವಯಸ್ಸಾಯಿತು. ಅಂಚಿನ ಮೇಲೆ ಕೊಳಕುಮಂಡಲ ಹಾವು ಬಿದ್ದಿದ್ದರೆ ಟಾರ್ಚ್ ಬೆಳಕಲ್ಲಿ ಅವರ ಕಣ್ಣಿಗೆ ಬೀಳುವುದು ಕಷ್ಟ. ಫೋನಿನ ಚಾರ್ಜ್ ಮುಗಿದರೆ ಮನೆಯವರಿಗೆ ರಾತ್ರಿಯಿಡೀ ಆತಂಕ. ನನ್ನ ಕೆಲಸ ವೈರಿಂಗ್ ಮತ್ತು ಸೋಲಾರ್, ಹಾಗಾಗಿ ಈ ಮಾಳಕ್ಕೆ ಬೆಳಕು ಕೊಡುವ ಜವಾಬ್ದಾರಿ ನನಗೆ ಬಂತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಥ ಅಟ್ಟಣಿಗೆ ಹಿಂದೆ ಶಿಕಾರಿಗೂ ಬಳಕೆ ಆಗುತ್ತಿತ್ತು. ಹೊರದೇಶಗಳಲ್ಲಿ ಬೇಟೆಯ ಅಟ್ಟಣಿಗೆಗೆ ಸಣ್ಣ ಪ್ಯಾನಲ್ ಹಾಕಿ ಕ್ಯಾಮೆರಾ, ದೀಪ ನಡೆಸುವವರು ಈಗಲೂ ಇದ್ದಾರೆ, ಅಲ್ಲಿಯ ಕಾನೂನು ಬೇರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅದರ ಪಟ್ಟಿಯಲ್ಲಿ ಕಾಡುಹಂದಿಯೂ ಇದೆ, ಅನುಮತಿ ಇಲ್ಲದೆ ಹೊಡೆದರೆ ಅಪರಾಧ. ಇಲ್ಲಿ ಹೇಳುವುದು ಕಾವಲಿನ ಬೆಳಕಿನ ಬಗ್ಗೆ ಮಾತ್ರ. ಹೊಡೆಯುವ ಬೆಳಕಿಗೆ ನಾನು ತಂತಿ ಎಳೆಯುವುದಿಲ್ಲ.

ನಮ್ಮ ಕರಾವಳಿಗೆ ಸೋಲಾರ್ ದೀಪ ಹೊಸದೇನಲ್ಲ. ಹರೀಶ್ ಹಂದೆಯವರ ಸೋಲಾರ್ ಕಂಪನಿ ಸೆಲ್ಕೋ ಶುರುವಾದದ್ದು 1995ರಲ್ಲಿ. ಅವರಿಗೆ 2011ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬರುವ ಮೊದಲೇ ಈ ಕಡೆಯ ಎಷ್ಟೋ ಒಂಟಿ ಮನೆಗಳಲ್ಲಿ ಸೋಲಾರ್ ದೀಪ ಉರಿಯುತ್ತಿತ್ತು. ಆದರೆ ಮನೆಯ ಲೆಕ್ಕ ಬೇರೆ, ಮಾಳದ ಲೆಕ್ಕ ಬೇರೆ. ಮನೆಗೆ ವರ್ಷವಿಡೀ ಬೆಳಕು ಬೇಕು, ಆಟಿಯಲ್ಲಿ (ಜುಲೈ-ಆಗಸ್ಟ್) ಸ್ವಲ್ಪ ಕಡಿಮೆಯಾದರೆ ಹೇಗೋ ಸುಧಾರಿಸಬಹುದು. ಮಾಳಕ್ಕೆ ಬೆಳಕು ಬೇಕಾಗುವುದೇ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಬಿಸಿಲು ಧಾರಾಳ ಇರುವ ಫೆಬ್ರವರಿ, ಮಾರ್ಚ್‌ನಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ಪ್ಯಾನಲ್ ಡಬ್ಬಿಯ ಮೇಲೆ ಬರೆದ, ಅಂಗಡಿಯಲ್ಲಿ ಹೇಳುವ ಲೆಕ್ಕವೆಲ್ಲಾ ಒಳ್ಳೆ ಬಿಸಿಲಿನ ಲೆಕ್ಕ. ನಮಗೆ ಬೇಕಾದದ್ದು ಮೋಡದ ಲೆಕ್ಕ.

ಮಾವ ಮೊದಲೇ ಪೇಟೆಗೆ ಹೋಗಿ ವಿಚಾರಿಸಿಕೊಂಡು ಬಂದಿದ್ದರು. ಅಂಗಡಿಯವರು ಹೇಳಿದ್ದು: 100 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ, 40 ವ್ಯಾಟ್ ಪ್ಯಾನಲ್, ಒಂದು ಸಣ್ಣ ಇನ್ವರ್ಟರ್. "ಬ್ಯಾಟರಿ ದೊಡ್ಡದಿದ್ದರೆ ಒಳ್ಳೇದಲ್ವಾ, ಮಳೆ ಬಂದರೂ ಹೆದರಿಕೆ ಇಲ್ಲ" ಅಂತ ಮಾವ. ಕೇಳಿದರೆ ಸರಿ ಅನ್ನಿಸುತ್ತದೆ. ಆದರೆ ಒರತೆ ಇಲ್ಲದ ಬಾವಿಯನ್ನು ಎಷ್ಟು ಅಗಲ ತೋಡಿದರೂ ನೀರು ಬರುವುದಿಲ್ಲ. ಒರತೆ ಅಂದರೆ ಇಲ್ಲಿ ಪ್ಯಾನಲ್.

ಮೊದಲು ಖರ್ಚು ಎಷ್ಟು ಅಂತ

ಮಾವನ ಎದುರು ಕೂತು ರಾತ್ರಿಗೆ ಏನೇನು ಬೇಕು ಅಂತ ಬರೆದೆವು. ಮಾಳದ ಒಳಗೆ 3 ವ್ಯಾಟಿನ 12 ವೋಲ್ಟ್ ಎಲ್‌ಇಡಿ, ಐದು ಗಂಟೆ ಉರಿದರೆ 15 ವ್ಯಾಟ್-ಅವರ್. ಗದ್ದೆಗೆ ಹಾಯಿಸುವುದಕ್ಕೆ 20 ವ್ಯಾಟಿನ ಫ್ಲಡ್ ಲೈಟ್, ಅದನ್ನು ಸದ್ದು ಕೇಳಿದಾಗ ಮಾತ್ರ ಹಾಕುವುದು, ರಾತ್ರಿಗೆ ಒಟ್ಟು ಒಂದು ಗಂಟೆ ಅಂತ ಇಟ್ಟರೆ 20. ಫೋನ್ ಒಮ್ಮೆ ಪೂರ್ತಿ ಚಾರ್ಜ್ ಆಗಲು, ದಾರಿಯಲ್ಲಿ ನಷ್ಟವಾಗುವುದೂ ಸೇರಿ, 25. ರೇಡಿಯೋಗೆ 10, ರಾತ್ರಿ ಆಕಾಶವಾಣಿ ಮಂಗಳೂರಿನಲ್ಲಿ ತಾಳಮದ್ದಳೆ ಬಂದರೆ ಮಾವನಿಗೆ ನಿದ್ದೆ ಬೇಡ. ಪ್ಯಾನಲ್ ಮತ್ತು ಬ್ಯಾಟರಿಯ ನಡುವೆ ಕೂತು ಚಾರ್ಜ್ ನೋಡಿಕೊಳ್ಳುವ ಚಾರ್ಜ್ ಕಂಟ್ರೋಲರ್ ತಾನೇ ತಿನ್ನುವುದು ದಿನಕ್ಕೆ ಸುಮಾರು 5. ಒಟ್ಟು 75 ವ್ಯಾಟ್-ಅವರ್.

ಆಮೇಲೆ ಫ್ಯಾನಿನ ವಿಷಯ ಬಂತು. ಸೆಕೆಗಲ್ಲ, ನುಸಿಗೆ. 12 ವ್ಯಾಟಿನ ಸಣ್ಣ ಟೇಬಲ್ ಫ್ಯಾನ್ ಎಂಟು ಗಂಟೆ ತಿರುಗಿದರೆ 96. ಅಂದರೆ ಉಳಿದ ಎಲ್ಲಾ ಖರ್ಚು ಸೇರಿದರೂ ಅದಕ್ಕಿಂತ ಕಡಿಮೆ. ಫ್ಯಾನ್ ಬಿಟ್ಟು ಒಳ್ಳೆಯ ಸೊಳ್ಳೆಪರದೆ ತಂದೆವು. ಇನ್ವರ್ಟರನ್ನೂ ಬಿಟ್ಟೆವು. ಸಣ್ಣ ಇನ್ವರ್ಟರ್ ಸುಮ್ನೆ ಆನ್ ಆಗಿದ್ದರೇ 10 ವ್ಯಾಟಿನಷ್ಟು ತಿನ್ನಬಹುದು, ಹನ್ನೆರಡು ಗಂಟೆಗೆ 120 ಆಯಿತು. ಯಾವ ದೀಪವನ್ನೂ ಹಾಕದೆಯೇ! ಎಲ್ಲವೂ 12 ವೋಲ್ಟಿನಲ್ಲೇ ಸಿಗುವಾಗ ನಡುವೆ 230 ವೋಲ್ಟ್ ಮಾಡುವ ಅಗತ್ಯವೇ ಇಲ್ಲ. ಫೋನಿಗೆ ಕಾರಿನಲ್ಲಿ ಹಾಕುವಂಥ ಯುಎಸ್‌ಬಿ ಸಾಕೆಟ್ ಹಾಕಿದೆ.

ಈಗ ಅಂಗಡಿಯ ಲೆಕ್ಕವನ್ನೇ ನೋಡಿ. ದಟ್ಟ ಮೋಡದ ದಿನ ಪ್ಯಾನಲ್ ಕೊಡುವುದು ತನ್ನ ಮೇಲೆ ಬರೆದ ವ್ಯಾಟಿನ ಹತ್ತರಿಂದ ಇಪ್ಪತ್ತು ಪರ್ಸೆಂಟ್, ಜಡಿಮಳೆ ಹಿಡಿದರೆ ಅದೂ ಇಲ್ಲ. 40 ವ್ಯಾಟ್ ಪ್ಯಾನಲ್‌ನಿಂದ ಅಂಥ ದಿನ ಬ್ಯಾಟರಿಗೆ ಸೇರುವುದು ಹೆಚ್ಚೆಂದರೆ 35 ವ್ಯಾಟ್-ಅವರ್. ದಿನಾ 40 ಬಾಕಿ. ದೊಡ್ಡ ಬ್ಯಾಟರಿ ಎರಡು ವಾರ ಆ ಬಾಕಿಯನ್ನು ಹೊತ್ತುಕೊಂಡು ಹೋಗುತ್ತದೆ, ಸರಿ. ಆಮೇಲೆ ಬಿಸಿಲು ಬಂದರೂ ಆ 40 ವ್ಯಾಟ್ ಪ್ಯಾನಲ್ ರಾತ್ರಿಯ ಖರ್ಚನ್ನೂ ಕೊಟ್ಟು ಹಳೆ ಬಾಕಿಯನ್ನೂ ತೀರಿಸಲು ಇನ್ನೂ ಎರಡು ವಾರ ಒಳ್ಳೆ ಬಿಸಿಲು ಬೇಕು. ಸೆಪ್ಟೆಂಬರ್‌ನಲ್ಲಿ ಘಟ್ಟದ ಬುಡದಲ್ಲಿ ಅಷ್ಟು ದಿನ ಒಟ್ಟಿಗೆ ಎಲ್ಲಿ ಸಿಗುತ್ತದೆ? ಲೆಡ್ ಆಸಿಡ್ ಬ್ಯಾಟರಿ ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಕೂತರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಮತ್ತೆ ಅದು ಪೂರ್ತಿ ಚಾರ್ಜ್ ತೆಗೆದುಕೊಳ್ಳುವುದಿಲ್ಲ. "ಸೋಲಾರ್ ಬ್ಯಾಟರಿ ಎರಡು ವರ್ಷವೂ ಬರಲಿಲ್ಲ" ಅಂತ ನಮ್ಮ ಕಡೆ ಹೇಳುವುದರ ಹಿಂದೆ ಇರುವುದು ಬಹಳಷ್ಟು ಸಲ ಇದೇ.

ನಾವು ಮಾಡಿದ್ದು ತಿರುವುಮುರುವು. ಪ್ಯಾನಲ್ 100 ವ್ಯಾಟ್. ಬ್ಯಾಟರಿ 12.8 ವೋಲ್ಟ್, 20 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ (ಮುಂದೆ ಚಿಕ್ಕದಾಗಿ ಲಿಥಿಯಂ ಫಾಸ್ಫೇಟ್ ಅನ್ನುತ್ತೇನೆ). "ಎಂತ ಮಾರಾಯ, ಇಷ್ಟು ಸಣ್ಣ ಬ್ಯಾಟರಿಗೆ ಅಷ್ಟು ದೊಡ್ಡ ಪ್ಯಾನಲಾ?" ಅಂತ ಮಾವ ಕೇಳಿದ್ದು ನಿಜ. ಮೋಡದ ದಿನವೂ ಈ ಪ್ಯಾನಲ್‌ನಿಂದ ಸುಮಾರು 80 ವ್ಯಾಟ್-ಅವರ್ ಬರುತ್ತದೆ, ಅಂದರೆ ಅವತ್ತಿನ ಖರ್ಚು ಅವತ್ತೇ ಹುಟ್ಟುತ್ತದೆ. ಜಡಿಮಳೆಯ ದಿನ ಸ್ವಲ್ಪ ಕಡಿಮೆಯಾಗಬಹುದು. ಬ್ಯಾಟರಿಯಲ್ಲಿ ಇರುವುದು 12.8ನ್ನು 20ರಿಂದ ಗುಣಿಸಿದರೆ 256 ವ್ಯಾಟ್-ಅವರ್, ಅದರಲ್ಲಿ 80 ಪರ್ಸೆಂಟ್ ಧೈರ್ಯವಾಗಿ ಬಳಸಿದರೆ 200ರ ಮೇಲೆ. ಪ್ಯಾನಲ್ ಏನೂ ಕೊಡದಿದ್ದರೂ ಎರಡು ರಾತ್ರಿ ಆರಾಮ, ಮೂರನೆಯದಕ್ಕೆ ಸ್ವಲ್ಪ ಕೈ ಬಿಗಿ ಹಿಡಿಯಬೇಕು. ಎರಡು ಗಂಟೆ ಬಿಸಿಲು ಇಣುಕಿದರೆ ಮತ್ತೆ ಮುಕ್ಕಾಲು ತುಂಬುತ್ತದೆ.

ಲಿಥಿಯಂ ಫಾಸ್ಫೇಟ್ ತೆಗೆದುಕೊಂಡದ್ದಕ್ಕೆ ಇನ್ನೆರಡು ಕಾರಣ ಇದೆ. ಅರ್ಧ ಚಾರ್ಜಿನಲ್ಲಿ ಕೂತರೂ ಅದಕ್ಕೆ ತೊಂದರೆ ಇಲ್ಲ. ಮತ್ತೆ ತೂಕ. ಇದು ಮೂರು ಕಿಲೋದ ಆಸುಪಾಸು, ಚೀಲದಲ್ಲಿ ಹಾಕಿ ಹೆಗಲಿಗೆ ತೂಗಿಸಬಹುದು. ಮಳೆಯಲ್ಲಿ ಪಾಚಿಗಟ್ಟಿದ ಸಂಕದ ಮೇಲೆ ದೊಡ್ಡ ಲೆಡ್ ಆಸಿಡ್ ಬ್ಯಾಟರಿ ಹೊತ್ತು ದಾಟುವ ಕೆಲಸವನ್ನು ನಾನು ಯಾರಿಗೂ ಹೇಳುವುದಿಲ್ಲ.

ಪ್ಯಾನಲ್ ಎಲ್ಲಿ

ಇಡೀ ಕೆಲಸದಲ್ಲಿ ಜಾಸ್ತಿ ಯೋಚನೆ ಮಾಡಬೇಕಾದದ್ದು ಇಲ್ಲೇ. ಮಾಳ ಇರುವುದು ಒಂದು ಹಲಸಿನ ಮರದ ಒತ್ತಿಗೆ. ಕಾವಲಿಗೆ ಅದು ಒಳ್ಳೆ ಜಾಗ: ಗಾಳಿಗೆ ಮರೆ, ಗದ್ದೆಯ ಮೂರೂ ಮೂಲೆ ಕಾಣುತ್ತದೆ. ಪ್ಯಾನಲ್‌ಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ತಗಡಿನ ಮೇಲೇ ಹಾಕಿಬಿಟ್ಟರೆ ಸುಲಭ ಅಂತ ಎಲ್ಲರೂ ಹೇಳಿದರು. ಅದಕ್ಕೆ ಒಂದು ಮಧ್ಯಾಹ್ನ ಪ್ಯಾನಲನ್ನು ಅಂಗಳದ ಬಿಸಿಲಲ್ಲಿ ಇಟ್ಟು, ಬ್ಯಾಟರಿಗೆ ಹೋಗುವ ತಂತಿಯ ನಡುವೆ ಮೀಟರ್ ಜೋಡಿಸಿ ಮಾವನಿಗೇ ತೋರಿಸಿದೆ. ಒಳ್ಳೆ ಬಿಸಿಲು, 5 ಆಂಪಿಯರ್ ತೋರಿಸುತ್ತಿತ್ತು. ಒಂದು ಹಲಸಿನ ಎಲೆ ತೆಗೆದು ಒಂದು ಸೆಲ್ಲಿನ ಮೇಲೆ ಇಟ್ಟೆ. ಮುಳ್ಳು ಸರ್ರನೆ ಕೆಳಗಿಳಿಯಿತು. ಇನ್ನೊಂದು ಎಲೆ ಇಟ್ಟು ಆ ಸೆಲ್ ಪೂರ್ತಿ ಮುಚ್ಚಿದಾಗ ಸೊನ್ನೆಯ ಹತ್ತಿರ ಹೋಗಿ ನಿಂತಿತು. ಪ್ಯಾನಲ್‌ನ ಉಳಿದ ಭಾಗವೆಲ್ಲಾ ಬಿಸಿಲಲ್ಲೇ ಹೊಳೆಯುತ್ತಿತ್ತು.

ಕಾರಣ ಇಷ್ಟೇ. 12 ವೋಲ್ಟ್ ಪ್ಯಾನಲ್‌ನಲ್ಲಿ 36 ಸೆಲ್ ಒಂದರ ಹಿಂದೆ ಒಂದು ಸಾಲಾಗಿ ಇರುತ್ತದೆ. ಒಂದಕ್ಕೆ ನೆರಳು ಬಿದ್ದರೆ ಒಳಗಿನ ಬೈಪಾಸ್ ಡಯೋಡ್ ಆ ಅರ್ಧ ಸಾಲನ್ನೇ ಬಿಟ್ಟು ಕರೆಂಟನ್ನು ಪಕ್ಕದಿಂದ ದಾಟಿಸುತ್ತದೆ. ಉಳಿದ ಅರ್ಧದಿಂದ ಬರುವುದು 9 ವೋಲ್ಟಿನ ಹತ್ತಿರ. ಬ್ಯಾಟರಿಯೇ 13 ವೋಲ್ಟಿನಲ್ಲಿ ಇರುವಾಗ 9 ವೋಲ್ಟ್ ಅದರ ಒಳಗೆ ಹೋಗುವುದು ಹೇಗೆ? ಅದಕ್ಕೇ ಸ್ವಲ್ಪ ನೆರಳು ಅಂದರೆ ಸ್ವಲ್ಪ ನಷ್ಟ ಅಂತ ತಿಳಿಯಬೇಡಿ. ಒಂದು ಅಡಿಕೆ ಮರದ ಕಾಂಡದ ನೆರಳು ಅಡ್ಡ ಹಾದುಹೋಗುವಷ್ಟು ಹೊತ್ತೂ ಚಾರ್ಜ್ ನಿಂತೇ ಹೋಗಬಹುದು.

ಮಾಳದಿಂದ 15 ಮೀಟರ್ ಆಚೆ ಒಂದು ಪಾದೆಕಲ್ಲು, ಅಂದರೆ ಬಂಡೆ, ಇದೆ. ಮೇಲೆ ಆಕಾಶ ಬಿಚ್ಚಿಕೊಂಡಿದೆ. ಪೂರ್ವಕ್ಕೆ ಘಟ್ಟ ಅಡ್ಡ ಇರುವುದರಿಂದ ಬೆಳಗ್ಗೆ ಬಿಸಿಲು ಬರುವುದು ತಡ, ಸೆಪ್ಟೆಂಬರ್ ಕೊನೆಯ ಮೇಲೆ ಮಧ್ಯಾಹ್ನ ಕಳೆದರೆ ಗುಡುಗುಮೋಡ ಕಟ್ಟುತ್ತದೆ. ಹಾಗಾಗಿ ನಮಗೆ ಸಿಗುವುದು ಹತ್ತರಿಂದ ಎರಡು ಗಂಟೆಯ ಒಳಗಿನ ಸೂರ್ಯ, ಆ ಹೊತ್ತಿಗೆ ಅಲ್ಲಿ ಯಾವ ಮರದ ನೆರಳೂ ಇಲ್ಲ. ಉಡುಪಿ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆಗಸ್ಟ್ ಮಧ್ಯದಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೇ ಇರುತ್ತದೆ, ನಮ್ಮಲ್ಲಿ ಶೂನ್ಯ ನೆರಳಿನ ದಿನ ಬರುವ ಎರಡು ಹೊತ್ತಿನಲ್ಲಿ ಅದೊಂದು, ಇನ್ನೊಂದು ಏಪ್ರಿಲ್ ಕೊನೆಗೆ. ಅಲ್ಲಿಂದ ಸೂರ್ಯ ದಕ್ಷಿಣಕ್ಕೆ ಇಳಿಯುತ್ತಾ ಹೋಗುತ್ತದೆ. ದಕ್ಷಿಣಕ್ಕೆ 15 ಡಿಗ್ರಿ ಓರೆ ಇಟ್ಟೆ. ಮೋಡದ ದಿನ ಬೆಳಕು ಆಕಾಶದ ಎಲ್ಲಾ ಕಡೆಯಿಂದ ಬರುವುದರಿಂದ ಇನ್ನೂ ಜಾಸ್ತಿ ಓರೆ ಮಾಡಿದರೆ ನಷ್ಟವೇ. ಪೂರ್ತಿ ಚಪ್ಪಟೆ ಇಟ್ಟರೆ ನೀರು ನಿಂತು ಅಂಚಿಗೆ ಪಾಚಿ ಹಿಡಿಯುತ್ತದೆ. 15 ಡಿಗ್ರಿ ಓರೆಗೆ ಮಳೆಯೇ ತೊಳೆದುಕೊಂಡು ಹೋಗುತ್ತದೆ.

ಸ್ಟ್ಯಾಂಡಿಗೆ ಕಬ್ಬಿಣದ ಆ್ಯಂಗಲ್, ಪಾದೆಗೆ ತೂತು ಕೊರೆದು ಬೋಲ್ಟ್. ಪ್ಯಾನಲ್ ಅಡಿಯಲ್ಲಿ ನಡುವೆ ಒಂದು ಅಡ್ಡಪಟ್ಟಿ ಹೆಚ್ಚಿಗೆ ಕೊಟ್ಟಿದ್ದೇನೆ, ಮಂಗಗಳು ಅದರ ಮೇಲೆ ಹಾರುವುದು ಗ್ಯಾರಂಟಿ.

ತಂತಿ, ಪೆಟ್ಟಿಗೆ

15 ಮೀಟರ್ ಅಂದರೆ ಹೋಗಿ ಬರುವ ತಂತಿ 30 ಮೀಟರ್. 12 ವೋಲ್ಟಿನಲ್ಲಿ ಇದನ್ನು ಹಗುರ ಮಾಡಬಾರದು. 1 ಚದರ ಮಿಲಿಮೀಟರ್ ತಂತಿ ಹಾಕಿದರೆ ಪ್ಯಾನಲ್ ಪೂರ್ತಿ ಕೊಡುವಾಗ 3 ವೋಲ್ಟಿನ ಮೇಲೆ ದಾರಿಯಲ್ಲೇ ಹೋಗುತ್ತದೆ. ಪ್ಯಾನಲ್ ಬಿಸಿಯಾದರೆ ಅದರ ವೋಲ್ಟೇಜ್ ಬೇರೆ ಇಳಿಯುತ್ತದೆ, ಕೊನೆಗೆ ಬ್ಯಾಟರಿ ತುಂಬಲು ಬೇಕಾದಷ್ಟು ಉಳಿಯುವುದೇ ಇಲ್ಲ. 2.5 ಚದರ ಮಿಲಿಮೀಟರ್ ತಾಮ್ರದಲ್ಲಿ ನಷ್ಟ 1.3 ವೋಲ್ಟಿನ ಹತ್ತಿರ. ಪ್ಯಾನಲ್ 17-18 ವೋಲ್ಟ್ ಕೊಡುವುದರಿಂದ ಅಷ್ಟನ್ನು ತಾಳಿಕೊಳ್ಳಬಹುದು. ತಂತಿಯನ್ನು ತೋಟದ ಹಳೆಯ ಕಪ್ಪು ಪೈಪಿನೊಳಗೆ ತೂರಿಸಿ ಅಂಚಿನ ಬದಿಯಲ್ಲಿ ಹೂತೆವು. ಅಲ್ಲಿ ಮುಳ್ಳುಹಂದಿ ಓಡಾಡುತ್ತದೆ, ಇಲಿ ಅಂತೂ ಇದ್ದೇ ಇದೆ. ಬರೀ ತಂತಿ ಬಿಟ್ಟರೆ ಒಂದು ಮಳೆಗಾಲ ದಾಟುವುದಿಲ್ಲ.

ಕಂಟ್ರೋಲರ್ ಸಾದಾ ಪಿಡಬ್ಲ್ಯೂಎಂ (ಪ್ಯಾನಲನ್ನು ನೇರ ಬ್ಯಾಟರಿಗೆ ಜೋಡಿಸಿ ಬಿಡಿಸುತ್ತಾ ಇರುವ ಬಗೆ), 10 ಆಂಪಿಯರಿನದ್ದು. ಪ್ಯಾನಲ್‌ನ ಹೆಚ್ಚಿನ ವೋಲ್ಟೇಜನ್ನೂ ಬಳಸಿಕೊಳ್ಳುವ ಒಳ್ಳೆಯ ಎಂಪಿಪಿಟಿ ಹಾಕಿದರೆ ಸ್ವಲ್ಪ ಜಾಸ್ತಿ ಸಿಗುತ್ತದೆ ನಿಜ, ಆದರೆ ಇಷ್ಟು ಸಣ್ಣ ವ್ಯವಸ್ಥೆಯಲ್ಲಿ ಆ ದುಡ್ಡನ್ನು ಪ್ಯಾನಲ್‌ಗೆ ಹಾಕುವುದೇ ಲಾಭ. ಅಗ್ಗಕ್ಕೆ ಸಿಗುವ ಪೆಟ್ಟಿಗೆಗಳ ಮೇಲೆ ಎಂಪಿಪಿಟಿ ಅಂತ ಬರೆದಿದ್ದರೂ ಒಳಗೆ ಇರುವುದು ಎಷ್ಟೋ ಸಲ ಪಿಡಬ್ಲ್ಯೂಎಂ. ಯಾವುದೇ ತೆಗೆದುಕೊಳ್ಳಿ, ಬ್ಯಾಟರಿಯ ಬಗೆಯನ್ನು ಲಿಥಿಯಂ ಫಾಸ್ಫೇಟ್‌ಗೆ ಬದಲಿಸಲೇಬೇಕು. ಸಾಮಾನ್ಯವಾಗಿ ಅದು ಲೆಡ್ ಆಸಿಡ್‌ಗೆ ಹೊಂದಿಸಿಯೇ ಬರುತ್ತದೆ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್. ಬಿಚ್ಚುವಾಗ ಮೊದಲು ಪ್ಯಾನಲ್. ಇದನ್ನು ಪೆಟ್ಟಿಗೆಯ ಮುಚ್ಚಳದ ಒಳಗೆ ಮಾರ್ಕರಿನಲ್ಲಿ ದೊಡ್ಡದಾಗಿ ಬರೆದಿದ್ದೇನೆ, ಯಾಕೆಂದರೆ ಕೊಯ್ಲು ಮುಗಿದ ಮೇಲೆ ಬಿಚ್ಚುವುದು ನಾನಲ್ಲ.

ಬ್ಯಾಟರಿಯ ಪ್ಲಸ್‌ನಿಂದ ಒಂದು ಗೇಣಿನೊಳಗೆ 10 ಆಂಪಿಯರ್ ಫ್ಯೂಸ್ ಇದೆ. ಸಣ್ಣ ಬ್ಯಾಟರಿ ಅಂತ ಫ್ಯೂಸ್ ಬಿಡಬೇಡಿ, ಶಾರ್ಟ್ ಆದರೆ ತಂತಿ ಕೆಂಪಗೆ ಕಾಯುವಷ್ಟು ಕರೆಂಟ್ ಇದೂ ಕೊಡುತ್ತದೆ, ಮಾಳದಲ್ಲಿ ಇರುವುದು ಮರ, ಹುಲ್ಲು ಮತ್ತು ಮಲಗಿರುವ ಮನುಷ್ಯ. ಪೆಟ್ಟಿಗೆಗೆ ಎಲ್ಲಾ ತಂತಿಯೂ ಕೆಳಗಿನಿಂದಲೇ ಒಳಗೆ ಹೋಗುತ್ತದೆ, ಅದೂ ಒಮ್ಮೆ ಕೆಳಗೆ ಜೋತುಬಿದ್ದು ಆಮೇಲೆ ಮೇಲಕ್ಕೆ, ಆಗ ತಂತಿ ಹಿಡಿದು ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ತೂತುಗಳಿಗೆಲ್ಲಾ ರಬ್ಬರ್ ಬಿಗಿದಿದೆ. ಇರುವೆ, ಹಲ್ಲಿ ಒಳಗೆ ಸೇರಿಕೊಂಡರೆ ಕಂಟ್ರೋಲರ್ ಹಾಳಾಗುವುದು ಮಳೆಗಿಂತ ಬೇಗ.

ಗುಡುಗಿನ ವಿಷಯದಲ್ಲಿ ನಾನು ಹಟ ಮಾಡಿದ್ದೇನೆ. ಗುಡುಗು ಶುರುವಾಗುವ ಲಕ್ಷಣ ಕಂಡರೆ ಪ್ಯಾನಲ್‌ನ ಸ್ವಿಚ್ ಆಫ್ ಮಾಡಿ ಮನೆಗೆ ಬರಬೇಕು. ಪಕ್ಕದಲ್ಲಿ ಮರ, ಆಚೆ ಪಾದೆಯ ಮೇಲೆ ಕಬ್ಬಿಣ, ನಡುವೆ ತಂತಿ: ಅಲ್ಲಿ ಕೂರುವ ಹೊತ್ತಲ್ಲ ಅದು. ಒಂದು ಮೂಲೆ ಭತ್ತ ಹೋದರೆ ಹೋಗಲಿ.

ಬೇಲಿಯ ಮಾತೂ ಬಂತು. ಊರಿನ ಒಬ್ಬರು "ಇದರಿಂದಲೇ ಒಂದು ಇನ್ವರ್ಟರ್ ಹಾಕಿ ತಂತಿಗೆ ಕರೆಂಟ್ ಬಿಡಬಹುದಲ್ಲ" ಅಂದರು. ಬಿಡಬಾರದು. ಸೋಲಾರ್ ಬೇಲಿಯ ಎನರ್ಜೈಸರ್ ಸೆಕೆಂಡಿಗೊಮ್ಮೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಮಾತ್ರ ಹೊಡೆತ ಕೊಡುತ್ತದೆ, ಪ್ರಾಣಿಯಾಗಲಿ ಮನುಷ್ಯನಾಗಲಿ ಬಿಡಿಸಿಕೊಳ್ಳಲು ಸಮಯ ಇರುತ್ತದೆ. ಇನ್ವರ್ಟರಿನ ಕರೆಂಟ್ ನಿಲ್ಲದೆ ಹರಿಯುತ್ತದೆ, ಹಿಡಿದದ್ದನ್ನು ಬಿಡುವುದಿಲ್ಲ. ರಾತ್ರಿ ಗದ್ದೆಯ ಅಂಚಿನಲ್ಲಿ ನಡೆಯುವವರು ನಮ್ಮ ಮನೆಯವರೇ ಅಲ್ವಾ?

ನಡೆದದ್ದು ಹೇಗೆ

ಕಳೆದ ಬೆಳೆಗೆ ಪೂರ್ತಿ ಇದರಲ್ಲೇ ಕಾವಲು ನಡೆಯಿತು. ಸೆಪ್ಟೆಂಬರ್‌ನಲ್ಲಿ ಮಳೆ ಬಿಡದೆ ಹಿಡಿದಾಗ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಇಳಿದದ್ದಿದೆ, ಆದರೆ ದೀಪ ನಿಲ್ಲಲಿಲ್ಲ. ಲಿಥಿಯಂ ಫಾಸ್ಫೇಟ್‌ನ ವೋಲ್ಟೇಜ್ ಬಹಳ ಹೊತ್ತು ಒಂದೇ ಮಟ್ಟದಲ್ಲಿ ಇರುತ್ತದೆ, ಕೊನೆಗೆ ಒಮ್ಮೆಲೇ ಬೀಳುತ್ತದೆ. ಹಾಗಾಗಿ ಕಂಟ್ರೋಲರ್ ತೋರಿಸುವ ಗೀಟುಗಳನ್ನು ನಂಬಿ ಪ್ರಯೋಜನವಿಲ್ಲ. ಮಾವನಿಗೆ ನಾನು ಹೇಳಿದ್ದು ಇಷ್ಟೇ: ಎರಡು ದಿನ ಬಿಸಿಲೇ ಬರದಿದ್ದರೆ ಫ್ಲಡ್ ಲೈಟ್ ಕಡಿಮೆ ಮಾಡಿ, ಫೋನ್ ಮನೆಯಲ್ಲಿ ಚಾರ್ಜ್ ಮಾಡಿಕೊಂಡು ಬನ್ನಿ. ಅದು ಅವರಿಗೆ ಚೆನ್ನಾಗಿ ಒಗ್ಗಿದೆ.

ನಡುವೆ ಮಾವ ತಾವೇ ಒಂದು ಸೆನ್ಸರ್ ಲೈಟ್ ತಂದು ಸೇರಿಸಿದರು, ಪ್ರಾಣಿ ಬಂದರೆ ತಾನೇ ಹೊತ್ತಿಕೊಳ್ಳುವಂಥದ್ದು. ಅದು ಮಾಳದ ಪಕ್ಕದ ಅಡಿಕೆ ಸೋಗೆ ಗಾಳಿಗೆ ಅಲ್ಲಾಡಿದರೂ ಹೊತ್ತಿಕೊಂಡಿತು. ರಾತ್ರಿಯಿಡೀ ಹೊತ್ತಿ ಆರುವ ಬೆಳಕಿಗೆ ಹಂದಿ ಬೇಗ ಹೊಂದಿಕೊಳ್ಳುತ್ತದೆ, ಬ್ಯಾಟರಿ ಖರ್ಚು ಬೇರೆ. ತೆಗೆದುಹಾಕಿದೆವು. ಹಂದಿಯ ಕಣ್ಣು ಅಷ್ಟು ಚುರುಕಲ್ಲ, ಅದರ ಬಲ ಇರುವುದು ಮೂಗಿನಲ್ಲಿ. ಅದನ್ನು ಓಡಿಸುವುದು ಬೆಳಕಲ್ಲ, ಅಲ್ಲಿ ಮನುಷ್ಯ ಇರುವುದು, ಕೂಗುವುದು, ಬೇಕಾದಾಗ ಒಂದು ಗರ್ನಾಲು ಪಟಾಕಿ. ಬೆಳಕು ಬೇಕಾದದ್ದು ಆ ಮನುಷ್ಯ ಅಲ್ಲಿ ಹೆದರಿಕೆ ಇಲ್ಲದೆ ಕೂರುವುದಕ್ಕೆ. ನಮ್ಮ ಕಡೆ ಎಷ್ಟೋ ಬೈಲುಗದ್ದೆ ಬೆಳೆಯಿಲ್ಲದೆ ಹಡಿಲು ಬಿದ್ದದ್ದು ಕಾವಲಿಗೆ ಜನ ಇಲ್ಲದೆ. ಮಾವನ ಮಗ, ಮೊದಲು ರಾತ್ರಿ ಮಾಳಕ್ಕೆ ಹೋಗಲು ಒಪ್ಪದವನು, ಈಗ ಸರದಿಗೆ ಹೋಗುತ್ತಾನೆ. ನನಗೆ ಇಡೀ ಕೆಲಸದಲ್ಲಿ ತುಂಬಾ ಖುಷಿ ಕೊಟ್ಟದ್ದು ಅದು.

ಖರ್ಚು ಎಲ್ಲಾ ಸೇರಿ ಹದಿನೈದು ಸಾವಿರದ ಒಳಗೆ ಆಯಿತು. ಜಾಸ್ತಿ ಹೋದದ್ದು ಬ್ಯಾಟರಿಗೆ, ಆಮೇಲೆ ಪ್ಯಾನಲ್, ಮೂರನೆಯದು ತಾಮ್ರದ ತಂತಿ. ಕೊಯ್ಲು ಮುಗಿದ ಮೇಲೆ ಬ್ಯಾಟರಿ ಅರ್ಧ ಚಾರ್ಜಿನಲ್ಲಿ ಮನೆಯ ಅಟ್ಟಕ್ಕೆ ಹೋಗುತ್ತದೆ, ಪ್ಯಾನಲ್ ಕೂಡ ಬಿಚ್ಚಿ ಮನೆಗೆ.

ಪಕ್ಕದ ಗದ್ದೆಯವರು ತಮಗೂ ಇದೇ ಸೆಟ್ ಬೇಕು ಅಂದರು. ಹೋಗಿ ನೋಡಿದೆ. ಅವರ ಮಾಳದ ಸುತ್ತ ಕಾಡು, ಆಕಾಶ ಕಾಣುವ ಜಾಗ 60 ಮೀಟರ್ ದೂರ. ಅಷ್ಟು ದೂರಕ್ಕೆ 12 ವೋಲ್ಟಿನ ತಂತಿ ಎಳೆದರೆ ತಾಮ್ರಕ್ಕೇ ಬ್ಯಾಟರಿಯ ದುಡ್ಡು ಬೇಕು. ಆದರೆ ಅವರ ಮನೆ ಹತ್ತಿರ, ಮನೆಯಲ್ಲಿ ಕರೆಂಟ್ ಇದೆ. ಅವರಿಗೆ ಪ್ಯಾನಲ್ ಬೇಡ ಅಂದೆ. ಇದೇ 20 ಆಂಪಿಯರ್-ಅವರ್ ಬ್ಯಾಟರಿ ಒಂದು, ಮನೆಯಲ್ಲಿ ಹಾಕಲು ಲಿಥಿಯಂ ಫಾಸ್ಫೇಟ್‌ಗೆ ಸರಿಯಾದ 14.6 ವೋಲ್ಟಿನ ಚಾರ್ಜರ್ ಒಂದು. ಎರಡು ದಿನಕ್ಕೊಮ್ಮೆ ಚೀಲದಲ್ಲಿ ತಂದು ಚಾರ್ಜ್ ಮಾಡಿಕೊಂಡು ಹೋಗುತ್ತಾರೆ, ಅವರ ಕಾವಲೂ ಚೆನ್ನಾಗಿಯೇ ನಡೆಯುತ್ತಿದೆ.